ಸೋಯಾ ಎಷ್ಟು, ಕಾಳು ಎಷ್ಟು: ಹಾಲು-ಮೊಸರು ಬಿಟ್ಟವರಿಗೆ ರೊಟ್ಟಿ ಊಟದ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಕಡೆಯ ಗಂಗಾಳ ನೋಡಿದರೆ ಮುಕ್ಕಾಲು ಪಾಲು ಸಸ್ಯಾಹಾರವೇ. ಜೋಳದ ರೊಟ್ಟಿ, ಮಡಿಕಿ ಕಾಳಿನ ಪಲ್ಯ, ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಬದಿಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಹಕ್ಕರಿಕಿ. ಇದರಲ್ಲಿ ದನ-ಎಮ್ಮೆಯಿಂದ ಬಂದದ್ದು ಒಂದೂ ಇಲ್ಲ. ಹಾಲು ಒಳಗೆ ಬರುವುದು ಮೂರು ಕಡೆಯಿಂದ: ದಿನಕ್ಕೆ ಮೂರ್ನಾಲ್ಕು ಸಲದ ಚಾ, ರೊಟ್ಟಿಯ ಪಕ್ಕದ ಮೊಸರು, ಊಟದ ಕೊನೆಯ ಮಜ್ಜಿಗಿ. ಚಪಾತಿ ಮೇಲಿನ ತುಪ್ಪ, ಹೋಳಿಗೆ ಮೇಲಿನ ಹಾಲು ಆಮೇಲಿನ ಮಾತು.

ಇದನ್ನೆಲ್ಲ ಒಮ್ಮೆಲೇ ಬಿಟ್ಟವರು ಸಾಮಾನ್ಯವಾಗಿ ಸೋಯಾದ ಬೆನ್ನು ಹತ್ತುತ್ತಾರೆ. ಮಧ್ಯಾಹ್ನ ಸೋಯಾ ಚಂಕ್ಸ್, ರಾತ್ರಿ ಮತ್ತೆ ಚಂಕ್ಸ್, ಚಪಾತಿ ಹಿಟ್ಟಿಗೆ ಸೋಯಾ ಹಿಟ್ಟು, ಚಾಕ್ಕೆ ಸೋಯಾ ಹಾಲು. ಎರಡು ವಾರದಲ್ಲಿ ಹೊಟ್ಟೆ ಉಬ್ಬುತ್ತದೆ, ನಾಲ್ಕನೇ ವಾರಕ್ಕೆ ಬೇಸರ ಬರುತ್ತದೆ, ಐದನೇ ವಾರಕ್ಕೆ ಎಲ್ಲ ಬಿಟ್ಟು ಹಳೆಯ ಚಾದ ಅಂಗಡಿಗೆ ವಾಪಸ್. ಸೋಯಾ ಕೆಟ್ಟದ್ದಲ್ಲ. ಆದರೆ ಅದು ತುಂಬಬೇಕಾದ ಜಾಗ ಜನ ತಿಳಿದುಕೊಂಡದ್ದಕ್ಕಿಂತ ಬಹಳ ಸಣ್ಣದು. ಎಷ್ಟು ಸಣ್ಣದು ಅಂತ ಮೊದಲು ಲೆಕ್ಕ ಹಾಕೋಣ.

ಮೊದಲು ತಕ್ಕಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಅದು 50 ಗ್ರಾಂ. ಎಲ್ಲವೂ ಧಾನ್ಯ-ಕಾಳಿನಿಂದಲೇ ಬರುವುದಾದರೆ ಜೀರ್ಣವಾಗದೆ ಹೋಗುವ ಪಾಲು ಸ್ವಲ್ಪ ಹೆಚ್ಚು. ಹಾಗಾಗಿ ಕಿಲೋಗೆ 1 ಗ್ರಾಂ, ಅಂದರೆ 60 ಗ್ರಾಂ ಅಂತ ಇಟ್ಟುಕೊಳ್ಳುವುದು ಜಾಣತನ.

ಈಗ ದಿನದ ಊಟ ತೂಗಿರಿ. ಒಂದು ಸಾಧಾರಣ ಜೋಳದ ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದರಲ್ಲಿ 5 ಗ್ರಾಂ ಪ್ರೋಟೀನ್. ಎರಡು ಹೊತ್ತಿಗೆ ನಾಲ್ಕು ರೊಟ್ಟಿ ಅಂದರೆ 20. ಬೆಳಿಗ್ಗೆ ಒಂದು ಪ್ಲೇಟ್ ಉಪ್ಪಿಟ್ಟಿನಿಂದ 6. ಎರಡು ಹೊತ್ತು ಸೇರಿ 60 ಗ್ರಾಂ ಒಣ ಕಾಳಿನ ಪಲ್ಯ ತಿಂದರೆ 13. ಸಾರಿಗೆ 25 ಗ್ರಾಂ ತೊಗರಿ ಬ್ಯಾಳಿ, ಅದರಿಂದ 5. ಒಂದು ಹಿಡಿ ಅಕ್ಕಿಯ ಅನ್ನದಿಂದ 5. 20 ಗ್ರಾಂ ಶೇಂಗಾ ಹಿಂಡಿ ಆಗಿ ಹೋದರೆ ಮತ್ತೆ 5. ಒಟ್ಟು 54.

ಬಾಕಿ ಉಳಿದದ್ದು 6 ಗ್ರಾಂ. ಕಾಳುಪಲ್ಯ ಒಂದೇ ಹೊತ್ತು ಮಾಡಿದ ದಿನ 12-13 ಗ್ರಾಂ. ಇನ್ನೊಂದು ಕಡೆಯಿಂದ ನೋಡಿದರೂ ಇದೇ ಉತ್ತರ: ಚಾ, ಮಜ್ಜಿಗಿ ಸೇರಿ ಕಾಲು ಲೀಟರ್ ಹಾಲು ಮತ್ತು ಒಂದು ವಾಟಗ (ಬಟ್ಟಲು) ಮೊಸರು ಬಿಟ್ಟವರು ಕಳೆದುಕೊಂಡದ್ದು ಸುಮಾರು 11 ಗ್ರಾಂ ಪ್ರೋಟೀನ್. ಸೋಯಾದ ಕೆಲಸ ಈ 11 ಗ್ರಾಂ ತುಂಬುವುದು, ಅಷ್ಟೇ. ಅದಕ್ಕೆ 22 ಗ್ರಾಂ ಒಣ ಚಂಕ್ಸ್ ಸಾಕು. ಆದರೆ ಅದೇ ಹಾಲು-ಮೊಸರಿನ ಜೊತೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಬಿ12 ಕೂಡ ಹೋಗಿರುತ್ತದೆ, ಅದನ್ನು ಚಂಕ್ಸ್ ತುಂಬುವುದಿಲ್ಲ. ಜನ ಪ್ರೋಟೀನಿನ ಚಿಂತೆ ಮಾಡುತ್ತಾರೆ, ಚಿಂತೆ ಮಾಡಬೇಕಾದದ್ದು ಈ ಎರಡರ ಬಗ್ಗೆ. ಅದು ಮುಂದೆ ಬರುತ್ತದೆ.

ಮಿತಿ ಎಲ್ಲಿ ಹಾಕಬೇಕು

ಸೋಯಾದ ಒಂದು ಪಾಲು ಅಂದರೆ ಇವುಗಳಲ್ಲಿ ಯಾವುದಾದರೂ ಒಂದು: 30 ಗ್ರಾಂ ಒಣ ಚಂಕ್ಸ್ (15 ಗ್ರಾಂ ಪ್ರೋಟೀನ್), 40 ಗ್ರಾಂ ಒಣ ಸೋಯಾ ಅವರೆ (ಸುಮಾರು 14), 100 ಗ್ರಾಂ ತೋಫು, ಅಂದರೆ ಸೋಯಾ ಹಾಲಿನ ಪನೀರ್ (ಗಟ್ಟಿತನದ ಮೇಲೆ 8ರಿಂದ 14), ಅಥವಾ ಒಂದು ದೊಡ್ಡ ಗ್ಲಾಸ್ ಸೋಯಾ ಹಾಲು (7-8). ದಿನಕ್ಕೆ ಒಂದು ಪಾಲು ಸಾಕು, ಎರಡು ಪಾಲಿನವರೆಗೆ ತೊಂದರೆ ಇಲ್ಲ. ಚಂಕ್ಸ್ ಮಾತ್ರ ವಾರಕ್ಕೆ ಮೂರು ದಿನಕ್ಕೆ ನಿಲ್ಲಿಸಿ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದ ಬಿಸಿ ಮತ್ತು ಒತ್ತಡದಲ್ಲಿ ಉಬ್ಬಿಸಿ ಮಾಡುವ ವಸ್ತು ಅದು. ವಿಷವಲ್ಲ, ಆದರೆ ಕಾಳಿನ ಜಾಗವನ್ನು ಪೂರ್ತಿ ಕೊಡುವಂಥದ್ದೂ ಅಲ್ಲ.

ಗಂಡಸರಲ್ಲಿ ಹಾರ್ಮೋನ್ ಏರುಪೇರಾಗುತ್ತದೆ ಎಂಬ ಭಯ ಜಿಮ್‌ಗಳಲ್ಲಿ ಬಹಳ ಓಡಾಡುತ್ತದೆ. ಸೋಯಾದಲ್ಲಿರುವ ಐಸೋಫ್ಲೇವೋನ್ ಎಂಬ ಅಂಶ ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜನ್ನನ್ನು ಹೋಲುತ್ತದೆ ನಿಜ, ಆದರೆ ಗಂಡಸರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಟೆಸ್ಟೊಸ್ಟೆರಾನ್ ಇಳಿದದ್ದು ಕಂಡಿಲ್ಲ. ದಿನಕ್ಕೆ ಮೂರು ಲೀಟರಿನ ಹತ್ತಿರ ಸೋಯಾ ಹಾಲು ಕುಡಿಯುತ್ತಿದ್ದ ಒಬ್ಬರಿಗೆ ಎದೆ ಊದಿಕೊಂಡದ್ದು ವೈದ್ಯಕೀಯ ದಾಖಲೆಯಲ್ಲಿದೆ, ಕುಡಿಯುವುದು ಬಿಟ್ಟ ಮೇಲೆ ಅದು ಕಡಿಮೆಯಾಯಿತು. ಮೂರು ಲೀಟರ್ ಎಲ್ಲಿ, ಒಂದು ಗ್ಲಾಸ್ ಎಲ್ಲಿ.

ನಿಜವಾಗಿ ಎಚ್ಚರ ಬೇಕಾದವರು ಬೇರೆ. ಥೈರಾಯ್ಡ್ ಮಾತ್ರೆ ನುಂಗುವವರಿಗೆ ಸೋಯಾ ನಿಷಿದ್ಧವಲ್ಲ, ಆದರೆ ಮಾತ್ರೆ ಮೈಗೆ ಹತ್ತುವುದಕ್ಕೆ ಅದು ಅಡ್ಡಿ ಮಾಡುತ್ತದೆ. ಮಾತ್ರೆ ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ತಗೊಳ್ಳಿ, ಸೋಯಾವನ್ನು ಬೆಳಗಿನ ನಾಷ್ಟಾಕ್ಕೆ ಇಡದೆ ಮಧ್ಯಾಹ್ನದ ಊಟಕ್ಕೆ ದೂಡಿರಿ, ಪ್ರಮಾಣವನ್ನು ದಿನದಿಂದ ದಿನಕ್ಕೆ ಏರಿಸಿ ಇಳಿಸಬೇಡಿ. ಹೊಸದಾಗಿ ಶುರು ಮಾಡಿದವರು 6-8 ವಾರದ ನಂತರ ಟಿಎಸ್‌ಎಚ್ (ಥೈರಾಯ್ಡ್ ಸ್ಥಿತಿ ತಿಳಿಸುವ ರಕ್ತ) ಪರೀಕ್ಷೆ ಮಾಡಿಸಬೇಕು. ಕಲ್ಲುಪ್ಪಿಗೆ ಹೊರಳಿದವರು ಅಯೋಡಿನ್ ಉಪ್ಪಿಗೆ ಮರಳಿ ಬರಲಿ. ಸೋಯಾ ತಿಂದ ಮೇಲೆ ತುಟಿ ಊದುವುದು, ಮೈ ತುರಿಸುವುದು, ಉಸಿರು ಕಟ್ಟುವುದು ಆದರೆ ಅದು ಅಲರ್ಜಿ, ಅಂಥವರು ಪೂರ್ತಿ ಬಿಡಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನಿನ ಲೆಕ್ಕವನ್ನು ಡಾಕ್ಟರ್ ಹತ್ತಿರವೇ ಮಾಡಿಸಲಿ. ವರ್ಷ ತುಂಬದ ಕೂಸಿಗೆ ಮನೆಯ ಸೋಯಾ ಹಾಲು ತಾಯಿ ಹಾಲಿನ ಬದಲಿ ಆಗುವುದಿಲ್ಲ.

ಸೋಯಾ ಅವರೆ ಎಲ್ಲಿಂದ ತರಬೇಕು, ಯಾವುದನ್ನು ತರಬಾರದು

ಧಾರವಾಡ, ಹಾವೇರಿ ಸೀಮೆಯಲ್ಲಿ ಮುಂಗಾರಿಗೆ ಬಿತ್ತಿದ ಸೋಯಾ ಅವರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ತುಕ್ಕು ರೋಗ ತಡೆಯುವ ಡಿಎಸ್‌ಬಿ-21 ತಳಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೇ. ಆದರೂ ಬೆಳೆದದ್ದರಲ್ಲಿ ಬಹುಪಾಲು ಎಣ್ಣೆ ಗಿರಣಿಗೆ ಹೋಗುತ್ತದೆ, ಬೆಳೆದವರ ಅಡಿಗೆಮನೆಗೆ ಬರುವುದು ಕಡಿಮೆ. ನೇರ ರೈತರಿಂದ ಕೊಳ್ಳುವುದಾದರೆ ಸುಗ್ಗಿ ಮುಗಿದ ಮೇಲೆ, ಚೆನ್ನಾಗಿ ಒಣಗಿದ ಕಾಳು ಕೊಳ್ಳಿ. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು, ಮೆತ್ತಗೆ ಒತ್ತಿಕೊಂಡರೆ ತೇವ ಇದೆ, ಬೂಸು ಬರುತ್ತದೆ. ಮಳೆಗೆ ಸಿಕ್ಕು ಕಪ್ಪಾದ, ನೇರಳೆ ಕಲೆ ಬಿದ್ದ ಕಾಳು ಆರಿಸಿ ತೆಗೆಯಿರಿ.

ಜೂನ್ ತಿಂಗಳಲ್ಲಿ ಬಿತ್ತಿ ಉಳಿದ ಬೀಜ ಮನೆಯಲ್ಲಿರುತ್ತದೆ, ಅದನ್ನು ಅಡಿಗೆಗೆ ಎಂದೂ ಬಳಸಬೇಡಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಲೇಪಿಸಿರುತ್ತಾರೆ. ಕೆಂಪು, ಗುಲಾಬಿ, ಹಸಿರು ಬಣ್ಣ ಕಂಡರೆ ಎಷ್ಟು ತೊಳೆದರೂ ಅದು ತಿನ್ನುವ ಕಾಳಲ್ಲ. ಬಣ್ಣ ಕಾಣದಿದ್ದರೂ ಬೀಜದ ಚೀಲದಿಂದ ಬಂದದ್ದಾದರೆ ಬೇಡ.

ಇನ್ನೊಂದು ನಿಯಮ: ಸೋಯಾ ಹಸಿಯಾಗಿ ತಿನ್ನುವ ಕಾಳಲ್ಲ. ಹೆಸರು, ಮಡಿಕಿಯಂತೆ ಮೊಳಕೆ ಬರಿಸಿ ಕೋಸಂಬರಿ ಮಾಡಬೇಡಿ. ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನೇ ಕಟ್ಟಿಹಾಕುವ ಅಂಶ ಅದರಲ್ಲಿದೆ, ಚೆನ್ನಾಗಿ ಕುದಿಸಿದರೆ ಮಾತ್ರ ಅದು ಮುರಿಯುತ್ತದೆ. ಇಡೀ ಕಾಳು ಬೇಯಿಸುವಾಗ ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರ್‌ಗೆ ಹಾಕಿ. ಅರ್ಧಕ್ಕಿಂತ ಮೇಲೆ ತುಂಬಬೇಡಿ, ಒಂದು ಚಮಚ ಎಣ್ಣೆ ಬಿಡಿ. ಸೋಯಾ ವಿಪರೀತ ನೊರೆ ಕಟ್ಟುತ್ತದೆ, ಸಿಪ್ಪೆ ಎದ್ದು ಸೀಟಿಯ ತೂತು ಮುಚ್ಚಿಕೊಳ್ಳುವುದುಂಟು. ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ.

ಚಂಕ್ಸ್: ರಬ್ಬರ್ ಆಗದಂತೆ

ಅಂಗಡಿಯವರು ಸೋಯಾ ವಡಿ, ಮೀಲ್ ಮೇಕರ್ ಅಂತಲೂ ಕರೆಯುತ್ತಾರೆ. ಮೂರು ಜನಕ್ಕೆ 90 ಗ್ರಾಂ.

1. ಒಂದೂವರೆ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿ ಬಂದ ಮೇಲೆ ಚಂಕ್ಸ್ ಹಾಕಿ. ಸಣ್ಣವು 4 ನಿಮಿಷ, ದೊಡ್ಡವು 7-8 ನಿಮಿಷ. ಒಂದನ್ನು ಮುರಿದು ನೋಡಿ, ನಡುವೆ ಬಿಳಿಯ ಒಣ ಗಂಟು ಇರಬಾರದು.

2. ಬಸಿದು ತಣ್ಣೀರು ಸುರಿದು ಹಿಂಡಿ. ಹಳದಿ ನೊರೆ ಬರುತ್ತದೆ. ಮತ್ತೆ ತಣ್ಣೀರು, ಮತ್ತೆ ಹಿಂಡುವುದು. ಮೂರನೇ ಸಲಕ್ಕೆ ನೀರು ತಿಳಿಯಾಗಬೇಕು. ಅಗಸರ ಕಲ್ಲಿನ ಮೇಲೆ ಬಟ್ಟೆ ಹಿಂಡಿದಂತೆ ತಿರುಚಬೇಡಿ, ಪುಡಿಯಾಗುತ್ತದೆ. ಎರಡು ಅಂಗೈ ನಡುವೆ ಇಟ್ಟು ಒತ್ತಿ.

3. ಈಗ ಅದು ಖಾಲಿ ಸ್ಪಂಜು. ಏನು ಕುಡಿಸುತ್ತೀರೋ ಅದೇ ರುಚಿ. ಒಂದು ಚಮಚ ಬ್ಯಾಡಗಿ ಖಾರ, ಅರ್ಧ ಲಿಂಬೆ ರಸ, ಜಜ್ಜಿದ ಬಳ್ಳೊಳ್ಳಿ 6 ಎಸಳು, ಉಪ್ಪು, ಒಂದು ಚಮಚ ಎಣ್ಣೆ ಕಲಸಿ 20 ನಿಮಿಷ ಬಿಡಿ.

4. ಎಣ್ಣಿಗಾಯಿಗೆ ಮಾಡುವ ಮಸಾಲಿಯೇ ಇದಕ್ಕೆ ಅತ್ಯುತ್ತಮ: ಹುರಿದ ಶೇಂಗಾ 3 ಚಮಚ, ಎಳ್ಳು 1, ಗುರೆಳ್ಳು 1, ಒಣ ಕೊಬ್ರಿ 2 ಚಮಚ, ಹುರಿದ ಉಳ್ಳಾಗಡ್ಡಿ ಒಂದು, ಲಿಂಬೆ ಗಾತ್ರದ ಅರ್ಧದಷ್ಟು ಹುಣಸಿ, ಚೂರು ಬೆಲ್ಲ. ಮೊದಲು ಚಂಕ್ಸನ್ನು ಬಾಣಲಿಯಲ್ಲಿ ಕೆಂಪಗೆ ಹುರಿದು ತೆಗೆದಿಡಿ, ಮಸಾಲಿ ಎಣ್ಣೆ ಬಿಟ್ಟ ಮೇಲೆ ಸೇರಿಸಿ 10 ನಿಮಿಷ ಸಣ್ಣ ಉರಿ.

ನಾತ ಹೊಡೆದರೆ ಹಿಂಡಿದ್ದು ಸಾಲದು. ಚ್ಯೂಯಿಂಗ್ ಗಮ್ ಆದರೆ ನೀರು ಕುದಿಯುವ ಮೊದಲೇ ಹಾಕಿದ್ದೀರಿ, ಇಲ್ಲವೇ ಕುದಿಸಿದ್ದನ್ನು ಎರಡು ದಿನ ಫ್ರಿಜ್ಜಿನಲ್ಲಿ ಇಟ್ಟಿದ್ದೀರಿ. ಪಲ್ಯ ನೀರಾದರೆ ಹುರಿಯುವ ಹಂತ ಬಿಟ್ಟಿದ್ದೀರಿ. ಅಂದಹಾಗೆ, ಈಚೆಗೆ ಹೋಟೆಲುಗಳಲ್ಲಿ ಸಿಗುವ ಸೋಯಾ ಚಾಪ್‌ನಲ್ಲಿ ಸೋಯಾದ ಜೊತೆ ಸಾಕಷ್ಟು ಮೈದಾ ಇರುತ್ತದೆ, ಮೇಲಿಂದ ಕ್ರೀಮು, ಮೊಸರು. ಹಾಲು ಬಿಟ್ಟವರಿಗೆ ಅದು ಹೆಸರಿಗಷ್ಟೇ ಸೋಯಾ.

ಹಿಟ್ಟಿಗೆ ಸೋಯಾ ಸೇರಿಸುವವರಿಗೆ ಒಂದು ಮಾತು. ಹಸಿ ಕಾಳನ್ನು ಗೋಧಿಯ ಜೊತೆ ಗಿರಣಿಗೆ ಹಾಕಿಸಬೇಡಿ. ಕಾಳನ್ನು 25 ನಿಮಿಷ ಕುದಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಕಿಲೋ ಗೋಧಿಗೆ 100 ಗ್ರಾಂ ಸೇರಿಸಿ ಬೀಸಿಸಿ. ಎಣ್ಣೆ ಅಂಶ ಶೇ. 20ರಷ್ಟು ಇರುವುದರಿಂದ ಒಂದು ತಿಂಗಳಿಗಿಂತ ಹೆಚ್ಚು ಇಟ್ಟರೆ ಕಮಟು ಹಿಡಿಯುತ್ತದೆ. ಜೋಳದ ಹಿಟ್ಟಿಗಂತೂ ಬೇಡ. ಜೋಳಕ್ಕೆ ಮೊದಲೇ ಜಿಗಿ ಕಡಿಮೆ, ಸೋಯಾ ಸೇರಿದರೆ ಬಡಿಯುವಾಗ ಅಂಚು ಬಿರಿಯುತ್ತದೆ.

ಮನೆಯಲ್ಲೇ ಸೋಯಾ ಹಾಲು

ಸಸ್ಯದಿಂದ ಹಾಲು ತೆಗೆಯುವುದು ಇಲ್ಲಿ ಹೊಸದಲ್ಲ. ಕುಸಬಿ ರುಬ್ಬಿ, ಸೋಸಿ, ಆ ಹಾಲಿನಲ್ಲಿ ಬೆಲ್ಲ ಹಾಕಿ ಹುಗ್ಗಿ ಮಾಡುವುದು ಹಳೆಯ ಪದ್ಧತಿ. ಸೋಯಾದ್ದು ಅದಕ್ಕಿಂತ ಸ್ವಲ್ಪ ಕಿರಿಕಿರಿ, ಯಾಕೆಂದರೆ ಹಸಿ ವಾಸನೆ. ನೆನೆದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದ ಕ್ಷಣವೇ ಅದರೊಳಗಿನ ಒಂದು ಕಿಣ್ವ ಎಣ್ಣೆಯ ಮೇಲೆ ಕೆಲಸ ಮಾಡಿ ಆ ನಾತ ಹುಟ್ಟಿಸುತ್ತದೆ. ರುಬ್ಬುವ ಮೊದಲೇ ಬಿಸಿ ತಗುಲಿಸಿದರೆ ಕಿಣ್ವ ಸಾಯುತ್ತದೆ. ಕೆಳಗಿನ ಎರಡನೇ ಹಂತ ಅದಕ್ಕಾಗಿ, ಅದನ್ನು ಬಿಟ್ಟವರೇ ಸೋಯಾ ಹಾಲು ವಾಸನೆ ಅನ್ನುವವರು.

1. 125 ಗ್ರಾಂ ಕಾಳು ತೊಳೆದು 8-10 ತಾಸು ನೆನೆಸಿ. ಗದಗಿನ ಏಪ್ರಿಲ್ ಬಿಸಿಲಿಗೆ 6 ತಾಸು ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ಹುಳಿ ಹಿಡಿಯುತ್ತದೆ.

2. ಲೀಟರ್ ಕುದಿಯುವ ನೀರಿಗೆ ಕಾಲು ಚಮಚ ಅಡಿಗೆ ಸೋಡಾ ಹಾಕಿ, ನೆನೆದ ಕಾಳು ಸೇರಿಸಿ 5 ನಿಮಿಷ ಕುದಿಸಿ. ಆ ನೀರು ಚೆಲ್ಲಿ ತೊಳೆಯಿರಿ. ಕೈಯಿಂದ ತಿಕ್ಕಿದರೆ ಸಿಪ್ಪೆ ಮೇಲೆ ತೇಲುತ್ತದೆ, ಬಗ್ಗಿಸಿ ತೆಗೆಯಿರಿ.

3. ಒಂದು ಲೀಟರ್ ಬಿಸಿ ನೀರು ಅಳೆದಿಟ್ಟುಕೊಂಡು, ಸ್ವಲ್ಪ ಸ್ವಲ್ಪ ಹಾಕುತ್ತ ನುಣ್ಣಗೆ ರುಬ್ಬಿ. ಮಿಕ್ಸರ್ ಜಾರಿನ ಮುಚ್ಚಳ ಬಿಸಿ ಆವಿಗೆ ಹಾರುತ್ತದೆ, ಅರ್ಧ ಜಾರು ಮಾತ್ರ ತುಂಬಿ.

4. ತೆಳು ಮಲ್ ಬಟ್ಟೆಯಲ್ಲಿ ಸೋಸಿ, ಗಟ್ಟಿ ಹಿಂಡಿ.

5. ದಪ್ಪ ತಳದ ಪಾತ್ರೆಯಲ್ಲಿ, ಹಾಲಿನ ಮೂರರಷ್ಟು ಜಾಗ ಇರುವಂಥದ್ದರಲ್ಲಿ ಕಾಯಿಸಿ. ಪೂರ್ತಿ ಕುದಿಯುವ ಮೊದಲೇ ನೊರೆ ಏರಿ ಕುದಿ ಬಂದಂತೆ ಕಾಣುತ್ತದೆ. ಅದು ಸುಳ್ಳು ಕುದಿ. ಉರಿ ಇಳಿಸಿ, ಕೈಯಾಡಿಸಿ, ನಿಜವಾದ ಕುದಿ ಬಂದ ಮೇಲೆ 15 ನಿಮಿಷ ಗಡಿಯಾರ ನೋಡಿ ಕುದಿಸಿ. ಹೊಟ್ಟೆನೋವಿನ ದೂರುಗಳಲ್ಲಿ ಬಹಳಷ್ಟು ಈ ಸುಳ್ಳು ಕುದಿಗೆ ಇಳಿಸಿದ ಹಾಲಿನಿಂದಲೇ.

ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಬಟ್ಟೆಯಲ್ಲಿ ಉಳಿದ ಚರಟ ಚೆಲ್ಲಬೇಡಿ: ಥಾಲಿಪಟ್ಟಿನ ಹಿಟ್ಟಿಗೆ ಉಳ್ಳಾಗಡ್ಡಿ, ಕೊತಂಬರಿ, ಅಜವಾನದ ಜೊತೆ ಕಲಸಿ. ಆದರೆ ಅದು ಪೂರ್ತಿ ಬೆಂದಿರುವುದಿಲ್ಲ, ಹಾಗಾಗಿ ಮೊದಲು 15 ನಿಮಿಷ ಹಬೆಯಲ್ಲಿಡಿ, ಆಮೇಲೆ ತಟ್ಟಿ ಎರಡೂ ಮಗ್ಗಲು ಮುಚ್ಚಿ ಬೇಯಿಸಿ.

ತೋಫು ಬೇಕಾದರೆ ಕುದಿಸಿದ ಹಾಲನ್ನು ಒಲೆಯಿಂದ ಇಳಿಸಿ ಐದು ನಿಮಿಷ ಬಿಡಿ. ಎರಡು ದೊಡ್ಡ ಚಮಚ ಲಿಂಬೆ ರಸವನ್ನು ಅರ್ಧ ವಾಟಗ ಬೆಚ್ಚನೆ ನೀರಿನಲ್ಲಿ ಬೆರೆಸಿ, ಮೂರು ಸಲ ಭಾಗ ಮಾಡಿ ಸುರಿಯಿರಿ. ಒಂದೊಂದು ಸಲಕ್ಕೂ ಮೆಲ್ಲಗೆ ಒಂದೇ ಸುತ್ತು ಕೈಯಾಡಿಸಿ ಮುಚ್ಚಿಡಿ. 15 ನಿಮಿಷದಲ್ಲಿ ನೀರು ತಿಳಿ ಹಳದಿ ಆಗಿ ಗಟ್ಟಿ ಬೇರೆಯಾಗುತ್ತದೆ. ಬಟ್ಟೆಗೆ ಸುರಿದು ಮೇಲೆ ಎರಡು ಕಿಲೋ ಭಾರ ಇಟ್ಟು ಅರ್ಧ ತಾಸು. ಗಟ್ಟಿ ಒಡೆಯದೆ ಹಾಲು ಹಾಲಾಗಿಯೇ ಉಳಿದರೆ ನೀರು ಹೆಚ್ಚಾಗಿದೆ ಅಥವಾ ಹಾಲು ಆರಿದೆ. ರವೆರವೆಯಾಗಿ ಬಂದರೆ ಜೋರಾಗಿ ಕೈಯಾಡಿಸಿದ್ದೀರಿ, ಅದನ್ನು ಭುರ್ಜಿ ಮಾಡಿಕೊಳ್ಳಿ.

ಚಾ ಮತ್ತು ಮಜ್ಜಿಗಿ

ಸೋಯಾ ಹಾಲು ಚಾದಲ್ಲಿ ಒಡೆಯುತ್ತದೆ. ಚಾದ ಹುಳಿ-ಒಗರು, ಮೇಲೆ ಬಿಸಿ, ಎರಡೂ ಸೇರಿದರೆ ಸೋಯಾ ಪ್ರೋಟೀನ್ ಗಂಟು ಕಟ್ಟುತ್ತದೆ. ಚಾಪುಡಿ, ಶುಂಠಿ, ಸಕ್ಕರೆಯನ್ನು ನೀರಿನಲ್ಲೇ ಪೂರ್ತಿ ಕುದಿಸಿ ಇಳಿಸಿ. ಸೋಯಾ ಹಾಲನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ ಕಪ್ಪಿಗೆ ಹಾಕಿ. ಒಂದು ನಿಮಿಷ ಆರಿದ ಡಿಕಾಕ್ಷನ್ನನ್ನು ಹಾಲಿನ ಮೇಲೆ ನಿಧಾನ ಸುರಿಯಿರಿ. ಹಾಲನ್ನು ಚಾಕ್ಕೆ ಹಾಕಿ ಮತ್ತೆ ಕುದಿಸಿದರೆ ಕೆಲಸ ಕೆಟ್ಟಂತೆ. ಎಮ್ಮೆ ಹಾಲಿನ ಕಡಕ್ ಚಾದ ರುಚಿ ಇದಕ್ಕೆ ಬರುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಬೆಲ್ಲ, ಲಿಂಬೆ ಹಾಕಿದ ಕಪ್ಪು ಚಾಕ್ಕೆ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ.

ಮಜ್ಜಿಗಿಗೆ ಸೋಯಾಕ್ಕಿಂತ ಶೇಂಗಾ ಚೆನ್ನ. ಒಂದು ವಾಟಗ ಶೇಂಗಾ ನಾಲ್ಕು ತಾಸು ನೆನೆಸಿ, ಸಿಪ್ಪೆ ತೆಗೆದು, ಮೂರು ವಾಟಗ ನೀರಿನಲ್ಲಿ ರುಬ್ಬಿ ಸೋಸಿ, 5-6 ನಿಮಿಷ ಕುದಿಸಿ. ಬೆರಳಿಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ತೊಳೆದು ಒರೆಸಿದ 8-10 ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಿ. ತೊಟ್ಟಿನ ಮೇಲಿನ ಸೂಕ್ಷ್ಮಾಣುಗಳೇ ಇಲ್ಲಿ ಹೆಪ್ಪು. ಬೇಸಿಗೆಯಲ್ಲಿ 8-10 ತಾಸು, ಧಾರವಾಡದ ಜುಲೈ ಜಿಟಿಜಿಟಿ ಮಳೆಯಲ್ಲಿ 14 ತಾಸಾದರೂ ಆಗಬಹುದು, ಆಗ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿಡಿ. ಮೊದಲ ಸಲದ್ದು ಸ್ವಲ್ಪ ಒಗರು-ಖಾರ ಇರುತ್ತದೆ, ಅದರಿಂದ ಎರಡು ಚಮಚ ತೆಗೆದು ಮುಂದಿನ ಹೆಪ್ಪಿಗೆ ಬಳಸಿ. ಎರಡನೆಯದು ಸರಿಯಾಗುತ್ತದೆ. ಗುಲಾಬಿ ಅಥವಾ ಕಪ್ಪು ಬಣ್ಣ ಕಂಡರೆ, ಕೊಳೆತ ವಾಸನೆ ಬಂದರೆ ರುಚಿ ನೋಡದೆ ಚೆಲ್ಲಿ. ನೀರು, ಉಪ್ಪು, ಜೀರಗಿ, ಕರಿಬೇವು, ಜಜ್ಜಿದ ಶುಂಠಿ ಸೇರಿಸಿ ಕಡೆದರೆ ಅನ್ನಕ್ಕೆ ಸೈ.

ಹೊಟ್ಟೆ ಉಬ್ಬರ

ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ನಮ್ಮ ಸಣ್ಣ ಕರುಳು ಒಡೆಯಲಾರದು. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಅವನ್ನು ತಿಂದು ವಾಯು ಬಿಡುತ್ತವೆ. ಅವುಗಳ ಸಂತೆ ಹೊಸ ಊಟಕ್ಕೆ ಹೊಂದಿಕೊಳ್ಳಲು ಮೂರ್ನಾಲ್ಕು ವಾರ ಬೇಕು, ಅಷ್ಟು ಸಮಯ ಕೊಡಿ. ಮೊದಲ ವಾರ ದಿನಕ್ಕೆ 30 ಗ್ರಾಂ ಒಣ ಕಾಳು, ಅದೂ ಹೆಸರು ಅಥವಾ ಮಡಿಕಿ ಮಾತ್ರ, ಮೊಳಕೆ ಬರಿಸಿ ಬೇಯಿಸಿದ್ದು. ಎರಡನೇ ವಾರ 45 ಗ್ರಾಂ, ಅಲಸಂದಿ ಸೇರಿಸಿ. ಮೂರನೇ ವಾರ 60 ಗ್ರಾಂ, ಜೊತೆಗೆ ಹುರುಳಿಯ ಕಟ್ಟಿನ ಸಾರು, ವಾರಕ್ಕೆ ಎರಡು ದಿನ ತೋಫು. ಇಡೀ ಸೋಯಾ ಕಾಳು, ಕಡಲಿ, ರಾಜ್ಮಾ ನಾಲ್ಕನೇ ವಾರಕ್ಕೆ. ತೋಫು ಹೊಟ್ಟೆಗೆ ಹಗುರ, ಯಾಕೆಂದರೆ ಆ ಸಕ್ಕರೆಗಳಲ್ಲಿ ಹೆಚ್ಚಿನವು ಸೋಸಿದ ನೀರಿನ ಜೊತೆ ಹೋಗಿರುತ್ತವೆ. ನೆನೆಸಿದ ನೀರನ್ನು ಯಾವಾಗಲೂ ಚೆಲ್ಲಿ. ಇಂಗು, ಅಜವಾನ, ಬಳ್ಳೊಳ್ಳಿ ಒಗ್ಗರಣೆಗೆ ಇರಲಿ, ಆದರೆ ಅರೆಬೆಂದ ಕಾಳನ್ನು ಇಂಗು ಉಳಿಸುವುದಿಲ್ಲ. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಹಿಸುಕಬೇಕು.

ರಾಜ್ಮಾವನ್ನು ಸಣ್ಣ ಉರಿಯಲ್ಲಿ ಕುದಿ ಬರದಂತೆ ಬೇಯಿಸುವುದು ಅಪಾಯ. ಕನಿಷ್ಠ 10 ನಿಮಿಷ ಜೋರು ಕುದಿ ಬೇಕು, ಕುಕ್ಕರ್ ಆದರೆ ಚಿಂತೆ ಇಲ್ಲ.

ಬಿ12: ಇಲ್ಲಿ ರಾಜಿ ಇಲ್ಲ

ಯಾವ ಕಾಳು, ಸೊಪ್ಪು, ಅಂಬಲಿ, ಮೊಳಕೆಯಲ್ಲೂ ನಂಬುವಂಥ ಬಿ12 ಇಲ್ಲ. ಶೇಂಗಾ ಮೊಸರಲ್ಲಿ ಇಲ್ಲ, ಸ್ಪಿರುಲಿನಾದಲ್ಲಿ ಇರುವುದು ದೇಹಕ್ಕೆ ಬಹುಪಾಲು ಉಪಯೋಗಕ್ಕೆ ಬಾರದ ರೂಪ. ಮಜ್ಜಿಗಿ-ಮೊಸರು ಇಷ್ಟು ದಿನ ಸ್ವಲ್ಪ ಕೊಡುತ್ತಿದ್ದವು, ಅವನ್ನು ಬಿಟ್ಟ ದಿನದಿಂದಲೇ ಮಾತ್ರೆ ಶುರುವಾಗಬೇಕು. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ. ದೇಹದ ಬೇಡಿಕೆ 2.2 ಮೈಕ್ರೋಗ್ರಾಂ ಇದ್ದರೂ ಇಷ್ಟು ದೊಡ್ಡ ಅಳತೆ ಯಾಕೆಂದರೆ, ಒಮ್ಮೆಲೇ ನುಂಗಿದ್ದರಲ್ಲಿ ಸಣ್ಣ ಪಾಲು ಮಾತ್ರ ಒಳಗೆ ಹೋಗುತ್ತದೆ. ಕ್ಯಾಪ್ಸೂಲಿನ ಕವಚ ಹಲವು ಸಲ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ, ಚೀಪುವ ಮಾತ್ರೆ ಕೇಳಿ.

ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು, ಅದೇ ಮೋಸ. ಕೈಕಾಲು ಜೋಮು, ನಾಲಿಗೆ ಉರಿ, ಮರೆವು, ಸುಸ್ತು. ಸೊಪ್ಪು-ಕಾಳಿನ ಊಟದಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಹೇರಳ, ಅದು ರಕ್ತಹೀನತೆಯನ್ನು ಮುಚ್ಚಿಡುತ್ತದೆ, ಒಳಗೆ ನರ ಹಾಳಾಗುತ್ತಿರುತ್ತದೆ. ಹಾಲು ಬಿಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ನಮ್ಮ ಕಡೆ ಆಗಲೇ ಕಡಿಮೆ ಇರುವವರು ಬಹಳ ಸಿಗುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಆ ಮಾತ್ರೆಯೇ ಬಿ12 ಹೀರುವುದನ್ನು ತಗ್ಗಿಸುತ್ತದೆ, ಅವರು ಡಾಕ್ಟರಿಗೆ ತಪ್ಪದೆ ಹೇಳಲಿ.

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ ಬೇಕು. ಮನೆಯ ಸೋಯಾ ಹಾಲಿನಲ್ಲಿ ಅದು ಬಹಳ ಕಡಿಮೆ, ಪ್ಯಾಕೆಟ್ಟಿನದರಲ್ಲಿ ಸೇರಿಸಿರುತ್ತಾರೆ, ಆದರೆ ತಳದಲ್ಲಿ ಕುಳಿತಿರುತ್ತದೆ, ಅಲುಗಾಡಿಸಿ ಸುರಿಯಿರಿ. 100 ಗ್ರಾಂ ರಾಗಿ ಹಿಟ್ಟಿನಿಂದ 350ರ ಹತ್ತಿರ ಬರುತ್ತದೆ, ರಾತ್ರಿಯ ಎರಡು ರೊಟ್ಟಿಯನ್ನು ರಾಗಿಗೆ ಬದಲಿಸಿದರೆ ಆಯಿತು. ಸಿಪ್ಪೆ ಸಮೇತ ಎಳ್ಳು ಒಂದು ದೊಡ್ಡ ಚಮಚಕ್ಕೆ ಸುಮಾರು 120, ಪಾಲಿಶ್ ಮಾಡಿದ ಬಿಳಿ ಎಳ್ಳಿಗೆ ಈ ಲೆಕ್ಕ ಇಲ್ಲ. 100 ಗ್ರಾಂ ನುಗ್ಗೆ ಸೊಪ್ಪಿಗೆ 300, 50 ಗ್ರಾಂ ಹುರುಳಿಗೆ 130. ಪಾಲಕದಲ್ಲಿರುವ ಕ್ಯಾಲ್ಸಿಯಂ ಅದರ ಆಕ್ಸಲೇಟ್‌ಗೆ ಕಟ್ಟಿಬಿದ್ದಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಬ್ಬಿಣಾಂಶಕ್ಕೆ ಒಂದೇ ಸೂತ್ರ: ಕಾಳುಪಲ್ಯದ ಮೇಲೆ ಲಿಂಬೆ ಹಿಂಡಿ, ಊಟದ ಹಿಂದೆ-ಮುಂದೆ ಒಂದು ತಾಸು ಚಾ ಬೇಡ. ಒಮೆಗಾ-3ಕ್ಕೆ ಅಗಸಿ ಹಿಂಡಿ ದಿನಕ್ಕೆ ಒಂದು ದೊಡ್ಡ ಚಮಚ. ಹುರಿದು ಪುಡಿ ಮಾಡಲೇಬೇಕು, ಇಡೀ ಅಗಸಿ ಹೋದ ಹಾಗೆಯೇ ಹೊರಬರುತ್ತದೆ. 15 ದಿನಕ್ಕೆ ಸಾಕಾಗುವಷ್ಟೇ ಕುಟ್ಟಿ.

ಮನೆ, ಖಾನಾವಳಿ, ಮದುವೆ

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಹಾಲಿಲ್ಲ ಅಂತ ಹೇಳುವುದಿಲ್ಲ, ಹಾಲಿನ ಪದಾರ್ಥಕ್ಕೂ ಅದೇ ಚುಕ್ಕೆ. 2022ರ ನಿಯಮದ ನಂತರ ಬಂದ ವೀಗನ್ (ಹಾಲೂ ಸೇರಿ ಪ್ರಾಣಿಯಿಂದ ಬಂದದ್ದೇನೂ ಇಲ್ಲದ) ಗುರುತು ಬೇರೆ, ಹಸಿರು ವಿ ಅಕ್ಷರದ ಮೇಲೆ ಎಲೆ ಇರುತ್ತದೆ. ಬ್ರೆಡ್, ಬಿಸ್ಕೀಟಿನಲ್ಲಿ ಹಾಲಿನ ಪುಡಿ, ವೇ (ಒಡೆದ ಹಾಲಿನ ನೀರಿನ ಅಂಶ) ಇದೆಯೇ ಓದಿ.

ಖಾನಾವಳಿಯಲ್ಲಿ ಕುಳಿತ ತಕ್ಷಣ ಹೇಳಿಬಿಡಿ: "ಅಣ್ಣಾರ, ಮೊಸರು-ಮಜ್ಜಿಗಿ ಬ್ಯಾಡ್ರಿ, ಚಪಾತಿಗೆ ತುಪ್ಪ ಹಚ್ಚಬ್ಯಾಡ್ರಿ, ಹಿಂಡಿಗೆ ಎಣ್ಣಿ ಹಾಕ್ರಿ." ಇಲ್ಲದಿದ್ದರೆ ಶೇಂಗಾ ಹಿಂಡಿಯ ಗುಳಿಯಲ್ಲಿ ಮೊಸರು ಬಂದು ಕುಳಿತಿರುತ್ತದೆ. ಗಿರಮಿಟ್, ಮಿರ್ಚಿ ಭಜಿಗೆ ಅಡ್ಡಿ ಇಲ್ಲ. ಫೇಡಾ ಖೋವಾದ್ದು, ಕರದಂಟಿನಲ್ಲಿ ತುಪ್ಪ ಇರುತ್ತದೆ. ಮಾಂಸದೂಟದ ಸಾವಜಿ ಖಾನಾವಳಿಗೆ ಗೆಳೆಯರ ಜೊತೆ ಹೋದರೆ ರಸ್ಸಾ ಯಾವುದರದ್ದು ಅಂತ ಕೇಳಿ ಹಾಕಿಸಿಕೊಳ್ಳಿ.

ಮನೆಯಲ್ಲಿ ಅವ್ವ "ಒಂದ ಚಮಚಾ ತುಪ್ಪದಿಂದ ಏನಾಕ್ಕೈತೋ ತಮ್ಮಾ" ಅಂದರೆ ವಾದಕ್ಕೆ ಇಳಿಯಬೇಡಿ. ತುಪ್ಪದ ಜಾಗಕ್ಕೆ ಬೇರೇನನ್ನಾದರೂ ಕೇಳಿ: ಹೋಳಿಗೆಗೆ ಕೊಬ್ರಿ ಹಾಲು, ರೊಟ್ಟಿಗೆ ಕುಸಬಿ ಎಣ್ಣೆ. ಬಡಿಸುವ ಕೈಗೆ ಕೆಲಸ ಸಿಕ್ಕರೆ ಒತ್ತಾಯ ಅರ್ಧ ಇಳಿಯುತ್ತದೆ. ಮದುವೆ ಮನೆಯಲ್ಲಿ ಎಲೆಯ ಮೇಲೆ ತುಪ್ಪ ಬೀಳುವುದು ಅನ್ನ ಬಂದ ಕ್ಷಣ, ಆಗ ಕೈ ಅಡ್ಡ ಹಿಡಿಯಬೇಕು, ತಡವಾದರೆ ಮುಗಿಯಿತು. ಬದನಿಕಾಯಿ ಪಲ್ಯ, ಕಾಳು, ಕೋಸಂಬರಿ, ಅನ್ನ-ಸಾರು ಸಾಮಾನ್ಯವಾಗಿ ನಿಶ್ಚಿಂತೆ, ಗೋಧಿ ಹುಗ್ಗಿಗೆ ಹಾಲು ಮೇಲೆ ಹಾಕುತ್ತಾರೆಯೇ, ಒಳಗೇ ಹಾಕಿದ್ದಾರೆಯೇ ಅಂತ ಅಡಿಗೆಯವರನ್ನು ಕೇಳಿ.

ದೂರದ ಪ್ರಯಾಣಕ್ಕೆ ಕಟಕ ರೊಟ್ಟಿ ಹತ್ತು, ಶೇಂಗಾ ಹಿಂಡಿ 100 ಗ್ರಾಂ, ಅಗಸಿ ಹಿಂಡಿ ಸ್ವಲ್ಪ, ಎರಡು ಲಿಂಬೆ, ನಾಲ್ಕು ಉಳ್ಳಾಗಡ್ಡಿ ಕಟ್ಟಿಕೊಳ್ಳಿ. ಹುರಿದ ಪುಟಾಣಿ 200 ಗ್ರಾಂ ಜೊತೆಗಿದ್ದರೆ ಎರಡು ದಿನ ಯಾವ ಹೋಟೆಲನ್ನೂ ಕೇಳಬೇಕಿಲ್ಲ. ಪುಟಾಣಿಯ ಚೀಲದಲ್ಲೇ ಬಿ12 ಮಾತ್ರೆಯ ಪಟ್ಟಿಯನ್ನೂ ಇಟ್ಟುಬಿಡಿ, ಊರು ಬಿಟ್ಟಾಗಲೇ ಅದು ಮರೆಯುವುದು.